ಹಳೆಯ ಗಣಕಯಂತ್ರದ ಜೀರ್ಣೋದ್ಧಾರ

ನಮ್ಮ ಮನೆಗಳಲ್ಲಿ ಬಾವಿಯ ರಾಟೆಯು ಕಿರುಗುಟ್ಟಿದರೆ ನಾಲ್ಕು ತೊಟ್ಟು ಎಣ್ಣೆ ಬಿಡುವೆವೇ ಹೊರತು ಬಾವಿಯನ್ನೇ ಮುಚ್ಚಿ ಬೇರೊಂದನ್ನು ತೋಡಿಸುವುದಿಲ್ಲ. ಬಾಗಿಲ ಕದವು ಹಿಡಿದುಕೊಂಡರೆ ಬಡಗಿಯನ್ನು ಕರೆಸಿ ಒಂದಿಷ್ಟು ಹೆರೆಯಿಸುವೆವು, ಮನೆಯನ್ನು ಬದಲಾಯಿಸುವುದಿಲ್ಲ. ಆದರೆ ಮೇಜಿನ ಮೇಲಿನ ಗಣಕಯಂತ್ರವು ಬೆಳಗ್ಗೆ ಎಚ್ಚರಗೊಳ್ಳುವುದಕ್ಕೆ ಹತ್ತು ನಿಮಿಷ ಹಿಡಿಯಿತೆಂದರೆ ಸಾಕು, “ಇದರ ಆಯುಸ್ಸು ತೀರಿತು, ಹೊಸದನ್ನು ತರಬೇಕು” ಎಂಬ ಮಾತು ಎಲ್ಲರ ಬಾಯಲ್ಲಿಯೂ ಬರುವುದು. ಈ ತೀರ್ಮಾನವು ಬಹುಮಟ್ಟಿಗೆ ಅವಸರದ್ದೆಂಬುದನ್ನು ನಾವು ಈಚೆಗೆ ಸ್ವಾನುಭವದಿಂದ ತಿಳಿದುಕೊಂಡೆವು. ಆ ಅನುಭವಕ್ಕೆ ನಾವು ತೆತ್ತ ಬೆಲೆಯು ಸ್ವಲ್ಪ ಹೆಚ್ಚಿನದೇ ಆದುದರಿಂದ, ವಾಚಕರು ಅದನ್ನು ತೆರದಿರಲೆಂದು ಈ ಲೇಖನವನ್ನು ಬರೆಯುತ್ತಿದ್ದೇವೆ.

ನಾವು ಮೂವತ್ತಕ್ಕೆ ಮೇಲ್ಪಟ್ಟ ವರ್ಷಗಳು ಹೈಸ್ಕೂಲಿನಲ್ಲಿ ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿ ನಿವೃತ್ತರಾದವರು. ಯಂತ್ರವಿದ್ಯೆಯು ನಮಗೆ ಗುರುಮುಖದಿಂದ ಬಂದುದಲ್ಲ, ಶಿಷ್ಯಮುಖದಿಂದ ಬಂದುದು. ನಮ್ಮ ಊರಿನಲ್ಲಿ ಬಡ ಹುಡುಗರಿಗಾಗಿ ನಡೆಯುತ್ತಿರುವ ಒಂದು ಉಚಿತ ವಿದ್ಯಾರ್ಥಿನಿಲಯದ ಗೌರವ ಕಾರ್ಯದರ್ಶಿತ್ವವು ನಿವೃತ್ತಿಯ ತರುವಾಯ ನಮ್ಮ ಪಾಲಿಗೆ ಬಂದಿತು. ಆ ಕಛೇರಿಯಲ್ಲಿ ದಾನಿಗಳೊಬ್ಬರು ೨೦೧೩ರಲ್ಲಿ ಕೊಡಿಸಿದ ಒಂದು ಗಣಕಯಂತ್ರವುಂಟು. ಇಂಟೆಲ್ ಸಂಸ್ಥೆಯ ಮೂರನೆಯ ತಲೆಮಾರಿನ ಕೋರ್ ಐ ೩ ಪ್ರೊಸೆಸರು, ೪ ಗಿಗಾಬೈಟ್ ರ‍್ಯಾಮ್, ೫೦೦ ಗಿಗಾಬೈಟಿನ ಹಾರ್ಡ್ ಡಿಸ್ಕು, ಇಷ್ಟು ಅದರ ಅಂಗಗಳು. ಗುಂಡಿಯನ್ನೊತ್ತಿ, ಕಾಫಿ ಕುಡಿದು, ವೃತ್ತಪತ್ರಿಕೆಯ ಮೊದಲ ಪುಟವನ್ನು ಓದಿ ಮುಗಿಸಿದರೂ ಅದು ಕೆಲಸಕ್ಕೆ ಸಿದ್ಧವಾಗುತ್ತಿರಲಿಲ್ಲ. ಗಡಿಯಾರವಿಟ್ಟು ನೋಡಿದಾಗ ೧೧ ನಿಮಿಷವಾಯಿತು. ಅಲ್ಲದೆ ಪ್ರತಿದಿನವೂ ಮೊದಲು ಕಪ್ಪು ಪರದೆಯ ಮೇಲೆ, ದಿನಾಂಕವೂ ಕಾಲವೂ ಸರಿಯಾಗಿಲ್ಲ, ಎಫ್ ೧ ಎಂಬ ಕೀಲಿಯನ್ನು ಒತ್ತಬೇಕು ಎಂಬ ಸೂಚನೆಯು ಬರುತ್ತಿತ್ತು. ನಾವು ಒತ್ತುತ್ತಿದ್ದೆವು. ಅದು ಏನು ಹೇಳುತ್ತಿದೆಯೆಂದು ವಿಚಾರಿಸದೆ ಎಂಟು ತಿಂಗಳು ಹಾಗೆಯೇ ಒತ್ತಿದೆವು.

೨೦೨೫ನೆಯ ಇಸವಿಯ ಕೊನೆಯ ಭಾಗದಲ್ಲಿ ಒಂದು ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು ಕಡೆಯ ದಿನ. ತಂದೆಯಿಲ್ಲದ ಒಬ್ಬ ಬಾಲಕನ ಅರ್ಜಿಯು ಮಾತ್ರ ಬಾಕಿಯಿದ್ದಿತು. ಅವನ ಆದಾಯಪತ್ರವು ಆ ಸಂಜೆ ತಾನೇ ಕೈಸೇರಿತ್ತು. ಉಳಿದ ಪತ್ರಗಳ ಚಿತ್ರಗಳೆಲ್ಲವೂ ಈ ಯಂತ್ರದ ಹೊಟ್ಟೆಯಲ್ಲಿಯೇ ಇದ್ದುವು. ಸಾಯಂಕಾಲದಿಂದ ವಿದ್ಯುಚ್ಛಕ್ತಿಯಿಲ್ಲದೆ ರಾತ್ರಿ ಹನ್ನೊಂದರ ಮೇಲೆ ಬಂದಿತು. ಅವಸರದಲ್ಲಿ ದಿನಾಂಕವನ್ನು ತಿದ್ದಲು ಮರೆತು ಅರ್ಜಿಯ ಪುಟವನ್ನು ತೆರೆದರೆ, ಸಂಪರ್ಕವು ಸುರಕ್ಷಿತವಲ್ಲವೆಂದು ಯಂತ್ರವು ಹಟ ಹಿಡಿಯಿತು. ಜಾಲತಾಣವೇ ಕೆಟ್ಟಿದೆಯೆಂದು ಬಗೆದು ಯಂತ್ರವನ್ನು ಆರಿಸಿ ಮತ್ತೆ ಹೊತ್ತಿಸಿದೆವು, ೧೧ ನಿಮಿಷ. ಮತ್ತೊಮ್ಮೆ ಅದೇ, ಇನ್ನೂ ೧೧ ನಿಮಿಷ. ಹುಡುಗನು ಬಾಗಿಲ ಬಳಿ ನಿಂತೇ ಇದ್ದನು. ಪರದೆಯ ಮೂಲೆಯಲ್ಲಿದ್ದ ೨೦೧೩ ಎಂಬ ಇಸವಿಯು ನಮ್ಮ ಕಣ್ಣಿಗೆ ಬಿದ್ದು, ಅದನ್ನು ತಿದ್ದಿ, ಪುಟವು ತೆರೆಯುವ ವೇಳೆಗೆ ಹನ್ನೆರಡು ಕಳೆದಿತ್ತು. “ಹೋಗಲಿ ಬಿಡಿ ಸಾರ್” ಎಂದು ಅವನೇ ನಮಗೆ ಸಮಾಧಾನ ಹೇಳಿ ಮಲಗಲು ಹೋದನು. ಆ ವರ್ಷದ ವೇತನವು ಅವನಿಗೆ ತಪ್ಪಿತು. ದೋಷವು ವಿದ್ಯುತ್ತಿನದಲ್ಲ, ಜಾಲತಾಣದ್ದಲ್ಲ; ಎಂಟು ತಿಂಗಳು ಎಫ್ ೧ ಒತ್ತಿದವರದು.

ಮುಂದಿನ ಸಭೆಯಲ್ಲಿ ಹೊಸ ಯಂತ್ರವನ್ನು ಕೊಳ್ಳಬೇಕೆಂದು ಒಬ್ಬರು ಹೇಳಿದರು. ಗಡ್ಡರಿಕಾಪ್ರವಾಹದಂತೆ ಉಳಿದವರೂ ಹೌದೆಂದರು. ಅಂಗಡಿಯವರು ಬರೆದುಕೊಟ್ಟ ಬೆಲೆ ೪೬,೫೦೦ ರೂಪಾಯಿ. ನಿಧಿಯಲ್ಲಿದ್ದುದು ಅದಕ್ಕಿಂತ ಸ್ವಲ್ಪವೇ ಹೆಚ್ಚು. ಅದೂ ಚಳಿಗಾಲದ ಕಂಬಳಿಗಳಿಗೂ ಸೋರುವ ಅಡಿಗೆಮನೆಯ ಸೂರಿಗೂ ಎತ್ತಿಟ್ಟ ಹಣ. ನಮಗೆ ಧೈರ್ಯ ಸಾಲದೆ ಒಂದು ವಾರದ ಅವಧಿಯನ್ನು ಕೇಳಿಕೊಂಡು, ಬೆಂಗಳೂರಿನಲ್ಲಿ ಗಣಕಯಂತ್ರಗಳ ರಿಪೇರಿಯನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ಹಳೆಯ ಶಿಷ್ಯನೊಬ್ಬನಿಗೆ ಹೇಳಿಕಳುಹಿಸಿದೆವು. ಅವನು ಭಾನುವಾರ ಬಂದು, ಯಂತ್ರವನ್ನು ಹೊತ್ತಿಸಿ, ಹನ್ನೊಂದು ನಿಮಿಷವೂ ಮಾತನಾಡದೆ ನೋಡುತ್ತ ಕುಳಿತು, ಕಡೆಗೆ, “ಮೇಷ್ಟ್ರೇ, ಇದಕ್ಕೆ ಮುಪ್ಪಿಲ್ಲ. ಕಾಲಿಗೆ ಮುಳ್ಳು ಚುಚ್ಚಿಕೊಂಡಿದೆ, ಅಷ್ಟೆ” ಎಂದನು.

ಯಂತ್ರವು ಹೇಗೆ ಏಳುತ್ತದೆ?

ಗುಂಡಿಯನ್ನೊತ್ತಿದೊಡನೆ ಯಂತ್ರದೊಳಗೆ ನಡೆಯುವುದನ್ನು ಮೊದಲು ತಿಳಿಯಬೇಕು. ಮದರ್‌ಬೋರ್ಡಿನಲ್ಲಿ ಶಾಶ್ವತವಾಗಿ ಬರೆದಿಟ್ಟಿರುವ ಬಯಾಸ್ ಎಂಬ ಪುಟ್ಟ ಆಜ್ಞಾವಳಿಯು ಮೊದಲು ಎಚ್ಚೆತ್ತು, ಸ್ಮೃತಿ, ಕೀಲಿಮಣೆ ಮುಂತಾದ ಅಂಗಗಳು ಸ್ವಸ್ಥವಾಗಿವೆಯೇ ಎಂದು ಪರೀಕ್ಷಿಸುವುದು. ಬಳಿಕ ಕಾರ್ಯನಿರ್ವಹಣ ವ್ಯವಸ್ಥೆಯು, ಎಂದರೆ ವಿಂಡೋಸ್ ಮೊದಲಾದ ಮೂಲ ತಂತ್ರಾಂಶವು, ಯಾವ ಡಿಸ್ಕಿನಲ್ಲಿದೆಯೆಂದು ಹುಡುಕಿ, ಅದರ ಮೊದಲ ತುಣುಕನ್ನು ತಂದು ಅದಕ್ಕೆ ಅಧಿಕಾರವನ್ನು ಒಪ್ಪಿಸುವುದು. ಆ ತುಣುಕು ತನಗಿಂತ ದೊಡ್ಡದನ್ನು ಕರೆತರುವುದು. ಅದು ಇನ್ನೂ ದೊಡ್ಡದನ್ನು. ಈ ಕ್ರಿಯೆಗೆ ಇಂಗ್ಲಿಷಿನಲ್ಲಿ ‘ಬೂಟ್’ ಎಂಬ ಹೆಸರು ಬಂದುದು ‘ಬೂಟ್‌ಸ್ಟ್ರಾಪ್’ ಎಂಬ ಶಬ್ದದಿಂದ. ತನ್ನ ಪಾದರಕ್ಷೆಯ ಪಟ್ಟಿಯನ್ನು ತಾನೇ ಹಿಡಿದು ತನ್ನನ್ನು ತಾನೇ ಎತ್ತಿಕೊಳ್ಳುವುದೆಂದು ಅದರ ಭಾವ. ಕಡೆಯಲ್ಲಿ, ನಾವು ಕರೆಯದಿದ್ದರೂ ತಾವಾಗಿಯೇ ಏಳುವ ಹತ್ತಾರು ತಂತ್ರಾಂಶಗಳು ಒಟ್ಟಿಗೆ ಬಂದು ನೆರೆಯುವುವು.

ಇಲ್ಲಿ ಗೃಹಿಣಿಯರಿಗೆ ಸುಲಭವಾಗಿ ತಿಳಿಯುವ ಒಂದು ದೃಷ್ಟಾಂತವನ್ನು ಕೊಡುವೆವು. ಪ್ರೊಸೆಸರೆಂಬುದು ಅಡಿಗೆಯವನು, ರ‍್ಯಾಮ್ ಎಂಬುದು ಒಲೆಯ ಪಕ್ಕದ ಕಟ್ಟೆ, ಡಿಸ್ಕೆಂಬುದು ಉಗ್ರಾಣ. ಅಡಿಗೆಯವನು ಎಷ್ಟೇ ಚುರುಕಾದರೂ ಉಗ್ರಾಣದಿಂದ ಸಾಮಾನು ಬರುವುದು ತಡವಾದರೆ ಕೈಕಟ್ಟಿ ನಿಲ್ಲಲೇಬೇಕು. ಕಟ್ಟೆಯು ಕಿರಿದಾದರೋ, ಒಂದು ಪಾತ್ರೆಯನ್ನಿಡಲು ಇನ್ನೊಂದನ್ನು ಉಗ್ರಾಣಕ್ಕೆ ಹಿಂದಿರುಗಿಸಿ, ಬೇಕಾದಾಗ ಮರಳಿ ತರಬೇಕು. ನಮ್ಮ ಯಂತ್ರದಲ್ಲಿ ಅಡಿಗೆಯವನಿಗೆ ಯಾವ ಕೊರತೆಯೂ ಇರಲಿಲ್ಲ. ಉಗ್ರಾಣವೇ ಮಂದ, ಕಟ್ಟೆಯೂ ಕಿರಿದು.

ಹಾರ್ಡ್ ಡಿಸ್ಕಿನ ಕಲ್ಪನೆಯು ಬಹು ಹಳೆಯದು. ೧೯೫೬ರಲ್ಲಿ ಐ.ಬಿ.ಎಂ. ಸಂಸ್ಥೆಯು ಹೊರತಂದ ಮೊದಲನೆಯ ಡಿಸ್ಕು ೨೪ ಅಂಗುಲ ವ್ಯಾಸದ ೫೦ ತಟ್ಟೆಗಳಿಂದ ಕೂಡಿದ್ದು, ಸುಮಾರು ೫೦ ಲಕ್ಷ ಅಕ್ಷರಗಳನ್ನು ಮಾತ್ರ ಹಿಡಿಯುತ್ತಿದ್ದಿತು. ಇಂದಿನ ಹಾರ್ಡ್ ಡಿಸ್ಕು ಕೈಯಲ್ಲಿ ಹಿಡಿಯುವಷ್ಟಾದರೂ ತತ್ತ್ವವು ಅದೇ: ಕಾಂತೀಯ ಲೇಪನವುಳ್ಳ ತಟ್ಟೆಗಳು ತಿರುಗುತ್ತಿರುವುವು, ಒಂದು ತೋಳು ಚಲಿಸಿ ಬೇಕಾದ ಜಾಗದಲ್ಲಿ ನಿಂತು ಓದುವುದು. ಮೇಜಿನ ಯಂತ್ರಗಳಲ್ಲಿ ಸಾಧಾರಣವಾಗಿ ತಟ್ಟೆಯು ನಿಮಿಷಕ್ಕೆ ೭,೨೦೦ ಸುತ್ತು ತಿರುಗುವುದು, ಎಂದರೆ ಸೆಕೆಂಡಿಗೆ ೧೨೦ ಸುತ್ತು. ಒಂದು ಸುತ್ತಿಗೆ ಸುಮಾರು ೮ ಮಿಲಿಸೆಕೆಂಡು. ಬೇಕಾದ ಜಾಗವು ತೋಳಿನ ಕೆಳಗೆ ಬರಲು ಸರಾಸರಿ ಅದರ ಅರ್ಧ, ೪ ಮಿಲಿಸೆಕೆಂಡು. ತೋಳು ಚಲಿಸಲು ಸುಮಾರು ೯. ಒಟ್ಟು ೧೩ ಮಿಲಿಸೆಕೆಂಡು.

ಇದು ಅತ್ಯಲ್ಪವೆಂದು ತೋರಬಹುದು. ಆದರೆ ಲೆಕ್ಕ ಮಾಡಿ ನೋಡೋಣ. ಯಂತ್ರವು ಏಳುವಾಗ ಅಲ್ಲಲ್ಲಿ ಚದರಿರುವ ೨೦,೦೦೦ ಸಣ್ಣ ತುಣುಕುಗಳನ್ನು ಒಂದೊಂದಾಗಿ ತರಬೇಕೆಂದು ಇಟ್ಟುಕೊಂಡರೆ, ಇಪ್ಪತ್ತು ಸಾವಿರವನ್ನು ಹದಿಮೂರರಿಂದ ಗುಣಿಸಿ ೨೬೦ ಸೆಕೆಂಡು, ಎಂದರೆ ನಾಲ್ಕು ನಿಮಿಷಕ್ಕೆ ಮೇಲಾಯಿತು. ಎಸ್.ಎಸ್.ಡಿ. ಎಂಬ ನವೀನ ಸಾಧನದಲ್ಲಿ ತಿರುಗುವ ತಟ್ಟೆಯೂ ಇಲ್ಲ, ತೋಳೂ ಇಲ್ಲ. ವಿದ್ಯುತ್ಕಣಗಳನ್ನು ಹಿಡಿದಿಡುವ ಅತಿಸೂಕ್ಷ್ಮ ಕೋಶಗಳು ಮಾತ್ರ. ಅಲ್ಲಿ ಒಂದು ತುಣುಕಿಗೆ ಒಂದು ಮಿಲಿಸೆಕೆಂಡಿನ ಹತ್ತನೆಯ ಒಂದು ಭಾಗವೆಂದರೂ ಅದೇ ಕೆಲಸಕ್ಕೆ ೨ ಸೆಕೆಂಡು ಸಾಕು. ಈ ಕೋಶಗಳ ಕಲ್ಪನೆಯು ಜಪಾನಿನ ತೋಷಿಬಾ ಸಂಸ್ಥೆಯಲ್ಲಿದ್ದ ಫುಜಿಯೊ ಮಸುಒಕ ಎಂಬ ಯಂತ್ರಶಾಸ್ತ್ರಜ್ಞರದು. ಅವರು ೧೯೮೪ರಲ್ಲಿ ಇದನ್ನು ವಿದ್ವತ್ಸಭೆಯ ಮುಂದಿಟ್ಟರು. ಒಂದೇ ಏಟಿಗೆ ಎಲ್ಲವೂ ಅಳಿಸಿಹೋಗುವುದು ಛಾಯಾಚಿತ್ರಗ್ರಾಹಕನ ಮಿಂಚುದೀಪದಂತಿದೆಯೆಂದು ಅದಕ್ಕೆ ‘ಫ್ಲ್ಯಾಶ್’ ಎಂದು ಹೆಸರಾಯಿತು.

ಮೊದಲು ರಕ್ಷಣೆ, ಆಮೇಲೆ ಚಿಕಿತ್ಸೆ

ಶಿಷ್ಯನು ತಿರುಪುಳಿಯನ್ನು ಕೈಗೆ ತೆಗೆದುಕೊಳ್ಳುವುದಕ್ಕೆ ಮುಂಚೆ ಕೇಳಿದ ಪ್ರಶ್ನೆಯು, “ಮೇಷ್ಟ್ರೇ, ಇದರಲ್ಲಿರುವ ಕಡತಗಳಿಗೆ ಪ್ರತಿ ಎಲ್ಲಿದೆ?” ಎಂಬುದು. ಇರಲಿಲ್ಲ. ಹನ್ನೆರಡು ವರ್ಷಗಳ ಹುಡುಗರ ಹಾಜರಿ, ಲೆಕ್ಕ, ದಾನಿಗಳ ಪತ್ರಗಳು, ಎಲ್ಲವೂ ಅದೊಂದೇ ತಟ್ಟೆಯ ಮೇಲೆ ನಿಂತಿದ್ದುವು. ಡಿಸ್ಕು ತನ್ನ ಆರೋಗ್ಯದ ಲೆಕ್ಕವನ್ನು ತಾನೇ ಬರೆದಿಟ್ಟುಕೊಳ್ಳುವುದು; ಅದನ್ನು ಸ್ಮಾರ್ಟ್ ಎನ್ನುವರು. ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ತಂತ್ರಾಂಶದಿಂದ ಅದನ್ನು ಓದಬಹುದು. ಕೆಟ್ಟ ಜಾಗಗಳನ್ನು ಕೈಬಿಟ್ಟು ಬೇರೆ ಜಾಗಕ್ಕೆ ವರ್ಗಾಯಿಸಿದ ಸಂಖ್ಯೆಯು ಅಲ್ಲಿ ಏರುತ್ತಿದ್ದರೆ ಡಿಸ್ಕಿಗೆ ಕಾಲ ಸಮೀಪಿಸಿತೆಂದು ತಿಳಿಯತಕ್ಕದ್ದು. ನಮ್ಮದರಲ್ಲಿ ಅದು ಏರಿಯೇ ಇದ್ದಿತು. ಇನ್ನು ಕೆಲವು ತಿಂಗಳು ನಾವು ಎಫ್ ೧ ಒತ್ತುತ್ತಿದ್ದರೆ ಏನಾಗುತ್ತಿದ್ದಿತೋ!

ಹೊರಗಿನ ಡಿಸ್ಕೊಂದಕ್ಕೆ ಎಲ್ಲವನ್ನೂ ಪ್ರತಿಮಾಡಿ, ಒಂದು ಕಡತವನ್ನು ತೆರೆದು ನೋಡಿ, “ಆಯಿತಪ್ಪಾ” ಎಂದೆವು. ಅವನು ಒಪ್ಪಲಿಲ್ಲ. ಸ್ಥಾಲೀಪುಲಾಕನ್ಯಾಯವು ಅನ್ನಕ್ಕೆ ಸಲ್ಲುವುದು, ಪ್ರತಿಗೆ ಸಲ್ಲದು; ಒಂದು ಅಗುಳು ಬೆಂದಿದ್ದರೆ ಎಲ್ಲವೂ ಬೆಂದಿರುವುದು, ಆದರೆ ಒಂದು ಕಡತವು ತೆರೆದ ಮಾತ್ರಕ್ಕೆ ಎಲ್ಲವೂ ತೆರೆಯುವುದೆಂದು ನಂಬಿಕೆಯಿಲ್ಲ. ಪ್ರತಿಯೊಂದು ವರ್ಷದ ಸಂಪುಟದಿಂದಲೂ ಕೆಲವನ್ನು ತೆರೆದು ನೋಡಿದೆವು. ಕನ್ನಡದವರಿಗೆ ಇಲ್ಲಿ ಇನ್ನೊಂದು ಎಚ್ಚರಿಕೆಯುಂಟು. ಹಳೆಯ ನುಡಿ ತಂತ್ರಾಂಶದಲ್ಲಿ ಬರೆದ ಪತ್ರಗಳು ಯುನಿಕೋಡ್ ಅಲ್ಲ. ಆಯಾ ಲಿಪಿಯ ಅಚ್ಚು, ಎಂದರೆ ಫಾಂಟು, ಹೊಸ ವ್ಯವಸ್ಥೆಯಲ್ಲಿ ಇಲ್ಲದಿದ್ದರೆ ಅವು ಅರ್ಥವಿಲ್ಲದ ರೋಮನ್ ಚಿಹ್ನೆಗಳಾಗಿ ಕಾಣುವುವು. ಆದುದರಿಂದ ಆ ಫಾಂಟುಗಳನ್ನೂ ಕೂಡ ಪ್ರತಿಮಾಡಿಡಬೇಕು; ಮುಖ್ಯವಾದ ಪತ್ರಗಳನ್ನು ಯುನಿಕೋಡಿಗೆ ಪರಿವರ್ತಿಸಿಕೊಳ್ಳುವುದು ಇನ್ನೂ ಮೇಲು.

ಖರ್ಚಿಲ್ಲದ ಉಪಾಯಗಳು

ಹಣವಿಲ್ಲದೆ ಆಗುವ ಕೆಲಸಗಳನ್ನು ಮೊದಲು ಮಾಡತಕ್ಕದ್ದು. ವಿಂಡೋಸಿನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಕೂಡಿ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುವುದು. ಅದರಲ್ಲಿ ಸ್ಟಾರ್ಟಪ್ ಎಂಬ ಭಾಗವನ್ನು ನೋಡಿದರೆ, ಯಂತ್ರದೊಡನೆ ತಾವಾಗಿ ಏಳುವ ತಂತ್ರಾಂಶಗಳ ಪಟ್ಟಿಯೂ ಅವುಗಳ ಭಾರವು ಹೆಚ್ಚೋ ಕಡಿಮೆಯೋ ಎಂಬುದೂ ತಿಳಿಯುವುದು. ನಮ್ಮಲ್ಲಿ ಹದಿನಾಲ್ಕು ಇದ್ದುವು: ಎಂದೋ ಕೊಟ್ಟುಬಿಟ್ಟ ಮುದ್ರಣಯಂತ್ರದ ಸಹಾಯಕ, ಯಾರೂ ಬಳಸದ ಸಂಭಾಷಣೆಯ ತಂತ್ರಾಂಶ, ಇತ್ಯಾದಿ. ಅವುಗಳನ್ನು ‘ಡಿಸೇಬಲ್’ ಮಾಡುವುದರಿಂದ ಅವು ಅಳಿಸಿಹೋಗುವುದಿಲ್ಲ. ಕರೆದಾಗ ಮಾತ್ರ ಬರುವುವು. ವೈರಸ್ ರಕ್ಷಣೆಯ ತಂತ್ರಾಂಶವನ್ನೂ, ಏನೆಂದು ತಿಳಿಯದುದನ್ನೂ ಮುಟ್ಟಕೂಡದು. ಇಷ್ಟರಿಂದಲೇ ೧೧ ನಿಮಿಷವು ೭ಕ್ಕೆ ಇಳಿಯಿತು.

ಬಯಾಸಿನ ಪುಟದಲ್ಲಿ ಮತ್ತೊಂದು ವಿಚಿತ್ರವು ಕಂಡಿತು. ಯಂತ್ರವು ತನ್ನ ಮೂಲ ತಂತ್ರಾಂಶವನ್ನು ಮೊದಲು ಜಾಲದಲ್ಲಿ ಹುಡುಕಿ, ಅಲ್ಲಿ ಯಾರೂ ಓಗೊಡದಿರಲು ಸುಮ್ಮನೆ ಕಾದು, ಅನಂತರ ತನ್ನ ಡಿಸ್ಕಿನ ಕಡೆಗೆ ತಿರುಗುತ್ತಿದ್ದಿತು. ಕ್ರಮವನ್ನು ಬದಲಿಸಿ ಡಿಸ್ಕನ್ನು ಮೊದಲಿಟ್ಟೊಡನೆ ಅರ್ಧ ನಿಮಿಷವು ಉಳಿಯಿತು. ಮರೆತು ಸಿಕ್ಕಿಸಿಟ್ಟ ಪೆನ್ ಡ್ರೈವುಗಳಿಂದಲೂ ಇಂಥಾ ವಿಳಂಬವಾಗುವುದುಂಟು.

ಇನ್ನು ಆ ದಿನಾಂಕದ ವಿಷಯ. ಮದರ್‌ಬೋರ್ಡಿನ ಮೇಲೆ ರೂಪಾಯಿ ನಾಣ್ಯದಂಥ, ಸಿ.ಆರ್. ೨೦೩೨ ಎಂಬ ಹೆಸರಿನ, ೩ ವೋಲ್ಟಿನ ಒಂದು ಗುಂಡಿ ಬ್ಯಾಟರಿಯಿರುವುದು. ಯಂತ್ರಕ್ಕೆ ವಿದ್ಯುತ್ತಿಲ್ಲದಿರುವಾಗ ಗಡಿಯಾರವನ್ನು ನಡೆಸುವುದು ಅದೇ. ಅದು ಬರಿದಾದರೆ ಯಂತ್ರವು ಪ್ರತಿ ರಾತ್ರಿಯೂ ಕಾಲವನ್ನು ಮರೆಯುವುದು. ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಕ್ಕೆ ಇಂಥ ದಿನದಿಂದ ಇಂಥ ದಿನದವರೆಗೆಂದು ಅವಧಿಯುಂಟು. ಯಂತ್ರವು ತಾನಿರುವುದು ೨೦೧೩ರಲ್ಲೆಂದು ನಂಬಿರುವಾಗ ೨೦೨೫ರ ಪ್ರಮಾಣಪತ್ರವು ಅದಕ್ಕೆ ಇನ್ನೂ ಹುಟ್ಟದ ಪತ್ರವಾಗಿ ತೋರುವುದು. ಆದುದರಿಂದ ಅದನ್ನು ನಂಬದು. ಬ್ಯಾಟರಿಯ ಬೆಲೆ ೪೦ ರೂಪಾಯಿ. ಶಿಷ್ಯನು ಹಳೆಯದನ್ನು ತೆಗೆದು ನಮ್ಮ ಅಂಗೈಯಲ್ಲಿಟ್ಟನು. ಅದನ್ನು ನೋಡುತ್ತ ನಮಗೆ ಸ್ವಲ್ಪ ಹೊತ್ತು ಮಾತು ಹೊರಡಲಿಲ್ಲ.

ಖರ್ಚಿನ ಉಪಾಯಗಳು

ಹಾರ್ಡ್ ಡಿಸ್ಕಿನ ಬದಲಿಗೆ ೨೫೬ ಗಿಗಾಬೈಟಿನ ಎಸ್.ಎಸ್.ಡಿ.ಯನ್ನು ಹಾಕುವುದೇ ಮುಖ್ಯ ಚಿಕಿತ್ಸೆ. ಹಳೆಯ ಯಂತ್ರಗಳಿಗೆ ಸಾಟಾ ಎಂಬ ಜೋಡಣೆಯ ಎರಡೂವರೆ ಅಂಗುಲದ ಎಸ್.ಎಸ್.ಡಿ.ಯು ಹೊಂದುವುದು, ಮೂರೂವರೆ ಅಂಗುಲದ ಗೂಡಿನಲ್ಲಿ ನಿಲ್ಲಿಸಲು ಒಂದು ಸಣ್ಣ ಚೌಕಟ್ಟು ಬೇಕಾಗುವುದು. ನಮ್ಮ ಮದರ್‌ಬೋರ್ಡಿನ ಸಾಟಾ ದ್ವಾರವು ಸೆಕೆಂಡಿಗೆ ೩ ಗಿಗಾಬಿಟ್ಟಿನದು, ಎಸ್.ಎಸ್.ಡಿ.ಯಾದರೋ ೬ ಗಿಗಾಬಿಟ್ಟಿನದು. ಅರ್ಧ ವೇಗವು ವ್ಯರ್ಥವಾಗುವುದಲ್ಲವೇ ಎಂದು ಕೇಳಿದೆವು. “ಉದ್ದನೆಯ ಕಡತವನ್ನು ಒಂದೇ ಸಮನೆ ಓದುವಾಗ ಮಾತ್ರ ಅದು ನಷ್ಟ, ಮೇಷ್ಟ್ರೇ. ಯಂತ್ರ ಏಳುವಾಗ ಕಾಲ ಹೋಗುವುದು ಹುಡುಕುವುದರಲ್ಲಿ; ಇದರಲ್ಲಿ ಹುಡುಕುವ ಕೆಲಸವೇ ಇಲ್ಲ” ಎಂದನು. ಮೇಲಿನ ನಮ್ಮ ಲೆಕ್ಕವೂ ಇದನ್ನೇ ಹೇಳುವುದು.

ರ‍್ಯಾಮನ್ನು ೪ರಿಂದ ೮ ಗಿಗಾಬೈಟಿಗೆ ಏರಿಸಿದೆವು. ಇದರಿಂದ ಏಳುವ ಕಾಲವು ಬಹಳವಾಗಿ ತಗ್ಗಲಿಲ್ಲ. ಎದ್ದ ಮೇಲೆ ನಾಲ್ಕಾರು ಪುಟಗಳನ್ನು ಒಟ್ಟಿಗೆ ತೆರೆದರೆ ತಡವರಿಸುವುದು ನಿಂತಿತು. ಆ ಕಾಲದ ಯಂತ್ರಕ್ಕೆ ಡಿ.ಡಿ.ಆರ್. ೩ ಜಾತಿಯದೇ ಆಗಬೇಕು, ಡಿ.ಡಿ.ಆರ್. ೪ರ ಕಚ್ಚು ಬೇರೆ ಸ್ಥಳದಲ್ಲಿರುವುದರಿಂದ ಅದು ಕೂರದು, ಬಲಾತ್ಕಾರದಿಂದ ಕೂರಿಸಕೂಡದು. ವಿಂಡೋಸು ೩೨ ಬಿಟ್ಟಿನದಾಗಿದ್ದರೆ ೪ ಗಿಗಾಬೈಟಿಗೆ ಮೀರಿದ್ದು ಅದಕ್ಕೆ ಕಾಣದು. ೬೪ ಬಿಟ್ಟಿನದೇ ಬೇಕು. ಯಂತ್ರವನ್ನು ಬಿಚ್ಚುವ ಮೊದಲು ಪ್ಲಗ್ಗನ್ನು ಕಿತ್ತು, ಗುಂಡಿಯನ್ನು ಒಮ್ಮೆ ಒತ್ತಿ ಉಳಿದ ವಿದ್ಯುತ್ತನ್ನು ಕಳೆದು, ಲೋಹದ ಪೆಟ್ಟಿಗೆಯನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಇಳಿಸಿಕೊಳ್ಳಬೇಕು. ವಿದ್ಯುತ್ತನ್ನು ಒದಗಿಸುವ ಒಳಪೆಟ್ಟಿಗೆಯನ್ನು ಮಾತ್ರ ಮನೆಯವರು ಎಂದಿಗೂ ಬಿಚ್ಚಕೂಡದು. ಅದರಲ್ಲಿ ಅಪಾಯಕರವಾದ ವಿದ್ಯುತ್ತು ಉಳಿದಿರಬಹುದು.

ಕಡೆಯ ಪ್ರಶ್ನೆಯು ಮೂಲ ತಂತ್ರಾಂಶದ್ದು. ನಮ್ಮಲ್ಲಿದ್ದ ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ೨೦೨೫ನೆಯ ಅಕ್ಟೋಬರ್ ೧೪ಕ್ಕೆ ಸಾಮಾನ್ಯ ರಕ್ಷಣಾ ಪರಿಷ್ಕಾರಗಳನ್ನು ನಿಲ್ಲಿಸಿತು. ೨೦೨೧ರಲ್ಲಿ ಬಂದ ವಿಂಡೋಸ್ ೧೧ಕ್ಕೆ ಟಿ.ಪಿ.ಎಂ. ೨.೦ ಎಂಬ ರಕ್ಷಣಾಸಾಧನವೂ, ಇಂಟೆಲ್ ಪ್ರೊಸೆಸರಾದರೆ ಬಹುಮಟ್ಟಿಗೆ ಎಂಟನೆಯ ತಲೆಮಾರಿನ ಮೇಲಿನದೂ ಬೇಕೆಂದು ನಿಯಮ. ಮೂರನೆಯ ತಲೆಮಾರಿನ ನಮ್ಮ ಯಂತ್ರಕ್ಕೆ ಅಲ್ಲಿ ಪ್ರವೇಶವಿಲ್ಲ. ಹುಡುಗರ ಆಧಾರಪತ್ರ, ಬ್ಯಾಂಕಿನ ವಿವರಗಳನ್ನಿಟ್ಟುಕೊಂಡು ರಕ್ಷಣೆಯಿಲ್ಲದ ಯಂತ್ರವನ್ನು ಜಾಲಕ್ಕೆ ಸೇರಿಸುವುದು ಬಾಗಿಲಿಲ್ಲದ ಮನೆಯಲ್ಲಿ ಪೆಟ್ಟಿಗೆಯನ್ನಿಟ್ಟಂತೆ. ಆದುದರಿಂದ ಹೊಸ ಎಸ್.ಎಸ್.ಡಿ.ಯ ಮೇಲೆ ಲಿನಕ್ಸ್ ಮಿಂಟ್ ಎಂಬ, ಬೆಲೆಯಿಲ್ಲದೆ ದೊರೆಯುವ ವ್ಯವಸ್ಥೆಯನ್ನು ಸ್ಥಾಪಿಸಿದೆವು. ಇದನ್ನು ಮೊದಲು ಪೆನ್ ಡ್ರೈವಿನಿಂದಲೇ ನಡೆಸಿ, ಮುದ್ರಣಯಂತ್ರವೂ ಸ್ಕ್ಯಾನರೂ ಒಗ್ಗುವುವೇ ಎಂದು ಪರೀಕ್ಷಿಸಬಹುದು, ಪರೀಕ್ಷಿಸದೆ ಮುಂದುವರಿಯಕೂಡದು. ನಮಗೆ ಅಭ್ಯಾಸವಾಗಿದ್ದ ಕಗಪ ಕೀಲಿಮಣೆಯ ವಿನ್ಯಾಸವು ಅಲ್ಲಿಯೂ ಉಂಟು. ವಿಂಡೋಸಿನಲ್ಲಿ ಮಾತ್ರ ನಡೆಯುವ ಲೆಕ್ಕದ ತಂತ್ರಾಂಶವುಳ್ಳವರಿಗೆ ಈ ಮಾರ್ಗವು ಹಿಡಿಸದಿರಬಹುದು. ಅಂಥವರು ಹಳೆಯ ಡಿಸ್ಕನ್ನು ಇದ್ದಂತೆಯೇ ಎಸ್.ಎಸ್.ಡಿ.ಗೆ ಪ್ರತಿಮಾಡಿಸಿ, ಆ ಯಂತ್ರವನ್ನು ಜಾಲದಿಂದ ದೂರವಿಟ್ಟು ಬಳಸುವುದು ಕ್ಷೇಮ.

ಫಲಿತಾಂಶ

ಎಲ್ಲವೂ ಮುಗಿದು ಗುಂಡಿಯನ್ನೊತ್ತಿದಾಗ ನಾವು ಅಭ್ಯಾಸಬಲದಿಂದ ಕಾಫಿಗೆಂದು ಎದ್ದೆವು. ೩೮ ಸೆಕೆಂಡಿನಲ್ಲಿ ಯಂತ್ರವು ಕೆಲಸಕ್ಕೆ ಸಿದ್ಧವಾಗಿ ನಿಂತಿತು. ಎಸ್.ಎಸ್.ಡಿ.ಗೆ ೨,೧೫೦, ಬಳಸಿದ ರ‍್ಯಾಮಿಗೆ ೭೦೦, ತಂತಿ ಮತ್ತು ಚೌಕಟ್ಟಿಗೆ ೨೩೦, ಬ್ಯಾಟರಿಗೆ ೪೦, ಒಟ್ಟು ೩,೧೨೦ ರೂಪಾಯಿ. ಸಾಮಾನುಗಳನ್ನು ಶಿಷ್ಯನು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಿಂದ ತಂದಿದ್ದನು. ಬೆಲೆಗಳು ಏರಿಳಿಯುವುವಾದುದರಿಂದ ವಾಚಕರು ವಿಚಾರಿಸಿಯೇ ಕೊಳ್ಳಬೇಕು. ಕೂಲಿಯನ್ನು ಎಷ್ಟು ಹೇಳಿದರೂ ಮುಟ್ಟಲಿಲ್ಲ, ಊಟಮಾಡಿಕೊಂಡು ಹೊರಟುಹೋದನು. ಉಳಿದ ಹಣದಲ್ಲಿ ಕಂಬಳಿಗಳು ಬಂದುವು. ಅಡಿಗೆಮನೆಯ ಸೂರೂ ಸೋರದಂತಾಯಿತು.

ಎಸ್.ಎಸ್.ಡಿ.ಯೂ ಚಿರಂಜೀವಿಯಲ್ಲವೆಂಬುದನ್ನು ಮರೆಯಕೂಡದು. ಅದಕ್ಕೆ ಬರೆಯಬಹುದಾದ ಮಿತಿಯುಂಟು. ಕಛೇರಿಯ ಕೆಲಸಕ್ಕೆ ಅದು ವರ್ಷಗಟ್ಟಲೆ ಸಾಕು. ಆದರೆ ಕೆಡುವಾಗ ಸದ್ದಿಲ್ಲದೆ ಒಮ್ಮೆಗೇ ಕೆಡಬಹುದು. ಆದುದರಿಂದ ತಿಂಗಳಿಗೊಮ್ಮೆ ಹೊರಗಿನ ಡಿಸ್ಕಿಗೆ ಪ್ರತಿ ಮಾಡುವುದನ್ನು ನಾವೀಗ ಅಮಾವಾಸ್ಯೆಗೆ ಗಂಟುಹಾಕಿದ್ದೇವೆ. ಹಾರ್ಡ್ ಡಿಸ್ಕಿನ ತುಣುಕುಗಳನ್ನು ಒಟ್ಟುಗೂಡಿಸುವ ಡಿಫ್ರಾಗ್ ಎಂಬ ಹಳೆಯ ಪದ್ಧತಿಯು ಎಸ್.ಎಸ್.ಡಿ.ಗೆ ಬೇಡ, ಅದರಿಂದ ಪ್ರಯೋಜನವಿಲ್ಲದೆ ಸವೆತ ಮಾತ್ರ. ತೆಗೆದ ಹಳೆಯ ಡಿಸ್ಕನ್ನು ಆರು ತಿಂಗಳು ಬೀರುವಿನಲ್ಲಿಟ್ಟಿದ್ದು, ಯಾವುದೂ ಬಿಟ್ಟುಹೋಗಿಲ್ಲವೆಂದು ದೃಢವಾದ ಮೇಲೆ, ಒಳಗಿನದನ್ನು ಸಂಪೂರ್ಣವಾಗಿ ಅಳಿಸಿ, ಅಧಿಕೃತವಾಗಿ ವಿದ್ಯುನ್ಮಾನ ತ್ಯಾಜ್ಯವನ್ನು ಸಂಗ್ರಹಿಸುವವರಿಗೆ ಒಪ್ಪಿಸತಕ್ಕದ್ದು; ಹಳೆಯ ಪಾತ್ರೆಯವನಿಗೆ ಹಾಕಕೂಡದು. ೨೦೨೨ನೆಯ ಒಂದು ವರ್ಷದಲ್ಲಿ ಜಗತ್ತು ಎಸೆದ ಇಂಥ ತ್ಯಾಜ್ಯವು ಸುಮಾರು ೬.೨ ಕೋಟಿ ಟನ್ನುಗಳೆಂದು ವಿಶ್ವಸಂಸ್ಥೆಯ ವರದಿಯು ಹೇಳುತ್ತದೆ. ಒಂದು ಯಂತ್ರವು ಐದು ವರ್ಷ ಹೆಚ್ಚಿಗೆ ಬಾಳಿದರೆ ಆ ರಾಶಿಗೆ ನಮ್ಮ ಮನೆಯ ಪಾಲು ಅಷ್ಟು ಕಾಲ ತಡೆದಂತಾಯಿತು.

ಆ ಬಾಲಕನಿಗೆ ತಪ್ಪಿದ ವೇತನವು ಮರಳಿ ಬರಲಿಲ್ಲ. ಅವನ ಆ ವರ್ಷದ ಪುಸ್ತಕ ಮತ್ತು ಶುಲ್ಕಗಳನ್ನು ನಮ್ಮ ಪಿಂಚಣಿಯಿಂದ ಕೊಟ್ಟೆವು. ಅದು ದಾನವಲ್ಲ, ದಂಡ. ಈಗ ಪ್ರತಿ ಬೆಳಗ್ಗೆ ಕಛೇರಿಯ ಯಂತ್ರವನ್ನು ಹೊತ್ತಿಸುವ ಕೆಲಸವನ್ನು ಅವನೇ ವಹಿಸಿಕೊಂಡಿದ್ದಾನೆ. ಪರದೆಯು ಬೆಳಗಿದೊಡನೆ ಮೂಲೆಯಲ್ಲಿರುವ ದಿನಾಂಕವನ್ನು ಮೊದಲು ನೋಡಿ, “ಸರಿಯಿದೆ ಸಾರ್” ಎಂದು ಹೇಳಿ ಶಾಲೆಗೆ ಹೊರಡುತ್ತಾನೆ. ವಾಚಕರ ಮನೆಯಲ್ಲಾಗಲಿ ಕಛೇರಿಯಲ್ಲಾಗಲಿ ಯಂತ್ರವು ಪ್ರತಿದಿನವೂ ಒಂದೇ ಸೂಚನೆಯನ್ನು ತೋರಿಸುತ್ತಿದ್ದರೆ, ಕೀಲಿಯನ್ನೊತ್ತಿ ಮುಂದುವರಿಯುವ ಮೊದಲು ಅದು ಏನು ಹೇಳುತ್ತಿದೆಯೆಂದು ಒಮ್ಮೆ ಓದಬೇಕೆಂದು ಬಿನ್ನೈಸಿ ಈ ಲೇಖನವನ್ನು ಮುಗಿಸುವೆವು.